ವೈದ್ಯಕೀಯ ನಿರ್ಧಾರ ನೆರವು ತಂತ್ರಾಂಶಗಳ ರಚನಾ ವಿಧಾನಗಳು

ರೋಗಿಯ ದಾಖಲೆಯಲ್ಲಿರುವ ಮಾಹಿತಿಯನ್ನು ವೈದ್ಯಕೀಯ ಜ್ಞಾನದೊಡನೆ ತಾಳೆ ನೋಡಿ, ವೈದ್ಯರು ಅಥವಾ ದಾದಿಯರು ತೀರ್ಮಾನ ಕೈಗೊಳ್ಳುವ ಹೊತ್ತಿನಲ್ಲಿ ಸಲಹೆ, ಎಚ್ಚರಿಕೆ ಇಲ್ಲವೇ ಜ್ಞಾಪನೆ ಕೊಡುವ ತಂತ್ರಾಂಶಗಳನ್ನು ವೈದ್ಯಕೀಯ ನಿರ್ಧಾರ ನೆರವು ವ್ಯವಸ್ಥೆಗಳೆಂದು ಕರೆಯುತ್ತಾರೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆದಾಗ ಪರದೆಯ ಮೇಲೆ ಮೂಡುವ ಎಚ್ಚರಿಕೆ, ಮಗುವಿನ ತೂಕಕ್ಕೆ ತಕ್ಕ ಔಷಧದ ಲೆಕ್ಕ, ಲಸಿಕೆಯ ಗಡುವು ಮೀರಿದ್ದನ್ನು ನೆನಪಿಸುವ ಸಂದೇಶ, ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಕುರುಹು ಹುಡುಕುವ ಕಾರ್ಯಕ್ರಮ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಕೊನೆಯ ತೀರ್ಮಾನ ಮನುಷ್ಯರದೇ.

ಇಂಥ ಯಾವುದೇ ವ್ಯವಸ್ಥೆಗೆ ನಾಲ್ಕು ಅಂಗಗಳು: ವೈದ್ಯಕೀಯ ಜ್ಞಾನ, ರೋಗಿಯ ಮಾಹಿತಿ, ಎರಡನ್ನೂ ಕೂಡಿಸಿ ಫಲ ತೆಗೆಯುವ ತರ್ಕಯಂತ್ರ, ಆ ಫಲವನ್ನು ವೈದ್ಯರಿಗೆ ಮುಟ್ಟಿಸುವ ದಾರಿ. ಇವು ಎಲ್ಲಿ ನೆಲೆಸಬೇಕು, ಯಾರ ಅಧೀನದಲ್ಲಿರಬೇಕು, ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳಬೇಕು ಎಂಬುದೇ ರಚನೆಯ ಪ್ರಶ್ನೆ. ಒಂದು ನಿಯಮವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಮೂತ್ರಪಿಂಡದ ಸೋಸುವ ಶಕ್ತಿಯ ಅಳತೆಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಕೊಡಬಾರದು. ಹೇಳಲು ಒಂದೇ ಸಾಲು. ಕಂಪ್ಯೂಟರ್ ಇದನ್ನು ಪಾಲಿಸಬೇಕಾದರೆ ರೋಗಿ ಈಗ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆಯೇ, ಅದು ಇನ್ನೊಂದು ಔಷಧದೊಡನೆ ಬೆರೆತು ಬೇರೆ ಬ್ರಾಂಡ್ ಹೆಸರಿನಲ್ಲಿ ಅಡಗಿದೆಯೇ, ಇಜಿಎಫ್‌ಆರ್ ಲೆಕ್ಕಕ್ಕೆ ಬೇಕಾದ ಕೊನೆಯ ಕ್ರಿಯಾಟಿನಿನ್ ಪರೀಕ್ಷೆ ಎಂದು ನಡೆಯಿತು, ಅದರ ಫಲಿತಾಂಶ ಡೇಟಾಬೇಸಿನ ಯಾವ ಮೂಲೆಯಲ್ಲಿ ಯಾವ ಹೆಸರಿನಲ್ಲಿ ಕುಳಿತಿದೆ, ಎಚ್ಚರಿಕೆ ಓಪಿಡಿ ವೈದ್ಯರಿಗೆ ಹೋಗಬೇಕೋ ಔಷಧ ಕೊಡುವ ಫಾರ್ಮಸಿಸ್ಟ್‌ಗೋ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಈ ಕ್ಷೇತ್ರದ ಆರು ದಶಕಗಳ ಚರಿತ್ರೆಯನ್ನು ನೋಡಿದರೆ, ತರ್ಕ ಕಟ್ಟುವುದು ದೊಡ್ಡ ತೊಡಕಾಗಿದ್ದ ಕಾಲ ಬೇಗ ಮುಗಿಯಿತು. ಆ ತರ್ಕವನ್ನು ರೋಗಿಯ ಮಾಹಿತಿಗೆ ಬೆಸೆಯುವುದು, ಸರಿಯಾದ ಗಳಿಗೆಯಲ್ಲಿ ಸರಿಯಾದ ಕೈಗೆ ಮುಟ್ಟಿಸುವುದು, ವರ್ಷಗಟ್ಟಲೆ ಕೆಡದಂತೆ ಕಾಪಾಡುವುದು ಇಂದಿಗೂ ಕಷ್ಟದ ಕೆಲಸಗಳಾಗಿ ಉಳಿದಿವೆ.

ಅಮೆರಿಕದ ಆಡಂ ರೈಟ್ ಮತ್ತು ಡೀನ್ ಸಿಟಿಗ್ 2008ರಲ್ಲಿ ಈ ರಚನೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಒಂಟಿಯಾಗಿ ನಿಲ್ಲುವವು, ಆಸ್ಪತ್ರೆಯ ದಾಖಲೆ ವ್ಯವಸ್ಥೆಯೊಳಗೆ ಬೆರೆತವು, ಮಾನಕ ಭಾಷೆಯಲ್ಲಿ ಬರೆದವು, ಸೇವೆಯಾಗಿ ಹೊರಗಿನಿಂದ ದೊರೆಯುವವು. ಹೊಸದು ಬಂದಾಗ ಹಳೆಯದು ಅಳಿದಿಲ್ಲ. ನಾಲ್ಕೂ ಬಗೆಗಳು ಇಂದು ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ.

ಒಂಟಿ ವ್ಯವಸ್ಥೆಗಳು

ರೋಗನಿದಾನದ ಹಿಂದಿನ ತರ್ಕವನ್ನು ಗಣಿತವಾಗಿ ಬರೆಯಬಹುದೆಂದು ರಾಬರ್ಟ್ ಲೆಡ್ಲಿ ಮತ್ತು ಲೀ ಲಸ್ಟೆಡ್ 1959ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಎರಡು ವರ್ಷದಲ್ಲೇ ಸಾಲ್ಟ್ ಲೇಕ್ ಸಿಟಿಯ ಹೋಮರ್ ವಾರ್ನರ್ ಹುಟ್ಟಿನಿಂದ ಬಂದ ಹೃದಯದೋಷಗಳಿಗೆ ಬೇಯ್ಸ್ ಸಂಭವನೀಯತೆಯ ಸೂತ್ರವನ್ನು ಅನ್ವಯಿಸಿದರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಫ್. ಟಿ. ಡಿ ಡೊಂಬಾಲ್ ಮತ್ತು ಸಂಗಡಿಗರು ತೀವ್ರ ಹೊಟ್ಟೆನೋವಿನ 304 ರೋಗಿಗಳ ಮೇಲೆ ನಡೆಸಿ 1972ರಲ್ಲಿ ಪ್ರಕಟಿಸಿದ ಪರೀಕ್ಷೆ ಹೆಸರಾಯಿತು: ಕಂಪ್ಯೂಟರಿನ ನಿದಾನ ಶೇ. 91.8 ಸರಿ, ತಂಡದ ಅತಿ ಹಿರಿಯ ವೈದ್ಯರದು ಶೇ. 79.6. ಆದರೆ ಅದೇ ಕಾರ್ಯಕ್ರಮ ಕೋಪನ್‌ಹೇಗನ್‌ನಲ್ಲಿ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಲೀಡ್ಸ್ ರೋಗಿಗಳಿಂದ ಕಲಿತ ಅಂಕಿಗಳು ಡೆನ್ಮಾರ್ಕಿನ ರೋಗಿಗಳಿಗೆ ಹೊಂದಲಿಲ್ಲ. ಒಂದೂರಿನ ಮಾಹಿತಿಯಿಂದ ಕಟ್ಟಿದ್ದು ಇನ್ನೊಂದೂರಿನಲ್ಲಿ ತಪ್ಪಬಹುದೆಂಬ ಈ ಪಾಠವನ್ನು ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮತ್ತೆ ಕಲಿಯಬೇಕಾಗಿ ಬಂದಿದೆ.

1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಎಡ್ವರ್ಡ್ ಶಾರ್ಟ್‌ಲಿಫ್ ಕಟ್ಟಿದ ‘ಮೈಸಿನ್’ ರಚನೆಯ ದೃಷ್ಟಿಯಿಂದ ದೊಡ್ಡ ಹೆಜ್ಜೆ. ರಕ್ತದ ಸೋಂಕು ಮತ್ತು ಮೆದುಳು ಪೊರೆಯ ಉರಿಯೂತಕ್ಕೆ ಯಾವ ಆ್ಯಂಟಿಬಯೋಟಿಕ್ ತಕ್ಕದ್ದೆಂದು ಹೇಳಲು ಅದರಲ್ಲಿ ಐನೂರರಷ್ಟು ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಿದ್ದವು. ಅದು ನಿಯಮಗಳನ್ನು ಒಂದು ಕಡೆ, ಅವನ್ನು ಓಡಿಸುವ ಯಂತ್ರವನ್ನು ಇನ್ನೊಂದು ಕಡೆ ಇಟ್ಟಿತು. ಯಂತ್ರವನ್ನು ಮುಟ್ಟದೆ ನಿಯಮ ತಿದ್ದಬಹುದಾಯಿತು. ‘ಈ ಪ್ರಶ್ನೆ ಏಕೆ ಕೇಳುತ್ತಿದ್ದೀಯೆ’ ಎಂದರೆ ಕಾರ್ಯಕ್ರಮ ತಾನು ಹಿಡಿದ ದಾರಿಯನ್ನು ಒಪ್ಪಿಸುತ್ತಿತ್ತು. ತಜ್ಞರು ಅದರ ಸಲಹೆಗಳನ್ನು ಪರಿಶೀಲಿಸಿ ಒಳ್ಳೆಯ ಅಂಕ ಕೊಟ್ಟರು. ಆದರೂ ಮೈಸಿನ್ ವಾರ್ಡಿನ ದಿನನಿತ್ಯದ ಬಳಕೆಗೆ ಬರಲೇ ಇಲ್ಲ. ರೋಗಿಯ ವಿವರಗಳನ್ನೆಲ್ಲ ವೈದ್ಯರೇ ಒಂದೊಂದಾಗಿ ಟೈಪ್ ಮಾಡಿ ತುಂಬಬೇಕಿತ್ತು. ಪಿಟ್ಸ್‌ಬರ್ಗ್‌ನ ‘ಇಂಟರ್ನಿಸ್ಟ್-1’ ಆಂತರಿಕ ವೈದ್ಯಕೀಯದ ಬಹುಪಾಲನ್ನು ಒಳಗೊಂಡ ಸಾಹಸವಾದರೂ ಅದನ್ನೂ ಕಾಡಿದ್ದು ಇದೇ ಕಷ್ಟ. ಒಂಟಿ ವ್ಯವಸ್ಥೆ ಕೇಳಿದಾಗ ಮಾತ್ರ ಉತ್ತರ ಕೊಡುತ್ತದೆ. ತಾನು ತಪ್ಪುತ್ತಿದ್ದೇನೆಂದು ಅರಿಯದ ವೈದ್ಯರು ಅದನ್ನು ಕೇಳಲು ಹೋಗುವುದೇ ಇಲ್ಲ.

ದಾಖಲೆಯೊಳಗೆ ಬೆರೆತವು

ಈ ಕೊರತೆಗೆ ಉತ್ತರ ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯಲ್ಲಿ ವಾರ್ನರ್ ತಂಡ ಬೆಳೆಸಿದ ‘ಹೆಲ್ಪ್’ ವ್ಯವಸ್ಥೆಯಿಂದ ಬಂತು. ಲ್ಯಾಬ್ ಫಲಿತಾಂಶ ದಾಖಲಾದೊಡನೆ ಅದಕ್ಕೆ ಸಂಬಂಧಿಸಿದ ನಿಯಮ ತಾನಾಗಿ ಏಳುತ್ತಿತ್ತು, ಯಾರೂ ಕೇಳಬೇಕಾಗಿರಲಿಲ್ಲ. ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯ ಕ್ಲೆಮೆಂಟ್ ಮೆಕ್‌ಡೊನಾಲ್ಡ್ 1976ರಲ್ಲಿ ಜ್ಞಾಪನೆಯ ಬಲವನ್ನು ಅಳೆದು ತೋರಿಸಿದರು. ಕಂಪ್ಯೂಟರ್ ನೆನಪಿಸಿದಾಗ ವೈದ್ಯರು ಶೇ. 51 ಸಂದರ್ಭಗಳಲ್ಲಿ ಬೇಕಾದ ಕ್ರಮ ಕೈಗೊಂಡರು, ನೆನಪಿಸದಾಗ ಶೇ. 22ರಲ್ಲಿ ಮಾತ್ರ. ಅದೇ ವೈದ್ಯರು, ಅದೇ ಓದು. ಮನುಷ್ಯನ ಗಮನಕ್ಕೆ ಮಿತಿಯಿದೆ, ಆ ಮಿತಿಯನ್ನು ಉಪದೇಶದಿಂದ ನೀಗಲಾಗದು ಎಂಬುದು ಮೆಕ್‌ಡೊನಾಲ್ಡ್ ಅವರ ನಿಲುವಾಗಿತ್ತು. ಬಾಸ್ಟನ್ನಿನ ಬ್ರಿಗಂ ಆಸ್ಪತ್ರೆಯಲ್ಲಿ ವೈದ್ಯರೇ ಕಂಪ್ಯೂಟರಿನಲ್ಲಿ ಔಷಧ ಬರೆಯುವ ಪದ್ಧತಿ ಬಂದ ಮೇಲೆ ಯಾರ ಕಣ್ಣಿಗೂ ಬೀಳದೆ ರೋಗಿಯನ್ನು ತಲುಪುತ್ತಿದ್ದ ಗಂಭೀರ ಔಷಧ ದೋಷಗಳು ಶೇ. 55 ಇಳಿದವೆಂದು ಡೇವಿಡ್ ಬೇಟ್ಸ್ ತಂಡ 1998ರಲ್ಲಿ ವರದಿ ಮಾಡಿತು.

ಬೆರೆತ ರಚನೆಯ ಬಲ ಹೀಗೆ ಸ್ಪಷ್ಟ. ಅದರ ದೋಷವೂ ಅಲ್ಲೇ ಇದೆ. ನಿಯಮಗಳು ಆ ಆಸ್ಪತ್ರೆಯ ಡೇಟಾಬೇಸಿಗೆ, ಆ ಕಂಪನಿಯ ತಂತ್ರಾಂಶಕ್ಕೆ ಹೊಲಿದುಹೋಗಿರುತ್ತವೆ. ಮೆಟ್‌ಫಾರ್ಮಿನ್ ನಿಯಮವನ್ನು ಸಾವಿರ ಆಸ್ಪತ್ರೆಗಳು ಸಾವಿರ ಸಲ ಬರೆದುಕೊಳ್ಳಬೇಕು. ವೈದ್ಯಶಾಸ್ತ್ರ ಬದಲಾದರೆ ಸಾವಿರ ಕಡೆ ತಿದ್ದಬೇಕು.

ಮಾನಕ ಭಾಷೆಗಳು

1989ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಡನ್ ಹೌಸ್ ಎಂಬಲ್ಲಿ ಸೇರಿದ ತಜ್ಞರು ಜ್ಞಾನವನ್ನು ಹಂಚಿಕೊಳ್ಳಲು ಒಂದು ಸಾಮಾನ್ಯ ಭಾಷೆ ಬೇಕೆಂದು ಕೆಲಸ ಆರಂಭಿಸಿದರು. ‘ಆರ್ಡನ್ ಸಿಂಟ್ಯಾಕ್ಸ್’ ಎಂಬ ಆ ಭಾಷೆ 1992ರಲ್ಲಿ ಮಾನಕವಾಯಿತು. 1999ರ ಹೊತ್ತಿಗೆ ಆರೋಗ್ಯ ಮಾಹಿತಿಯ ಮಾನಕಗಳನ್ನು ರೂಪಿಸುವ ಎಚ್‌ಎಲ್7 ಸಂಸ್ಥೆ ಅದನ್ನು ವಹಿಸಿಕೊಂಡಿತು. ಇದರಲ್ಲಿ ಪ್ರತಿಯೊಂದು ನಿರ್ಧಾರವೂ ಒಂದೊಂದು ಬಿಡಿ ಘಟಕ. ಆ ಘಟಕದಲ್ಲಿ ಬರೆದವರ ಹೆಸರು, ಆವೃತ್ತಿ, ಆಧಾರಗಳಿಗೆ ಜಾಗವಿದೆ. ಯಾವ ಘಟನೆ ನಡೆದಾಗ ಏಳಬೇಕು, ಯಾವ ಮಾಹಿತಿ ಓದಬೇಕು, ಹೇಗೆ ತರ್ಕಿಸಬೇಕು, ಕೊನೆಗೆ ಏನು ಮಾಡಬೇಕು ಎಂಬುದಕ್ಕೂ ಬೇರೆಬೇರೆ ಖಾನೆಗಳಿವೆ. ವೈದ್ಯರೇ ಓದಿ ಅರ್ಥಮಾಡಿಕೊಳ್ಳಬಹುದಾದಷ್ಟು ಸರಳ ಶೈಲಿ ಅದು. ನಿಯಮಕ್ಕೊಬ್ಬ ಹೊಣೆಗಾರರಿರಬೇಕು, ಆವೃತ್ತಿಯ ದಿನಾಂಕವಿರಬೇಕು ಎಂಬ ಶಿಸ್ತನ್ನು ಭಾಷೆಯ ಕಟ್ಟಿಗೇ ತಂದದ್ದು ಆರ್ಡನ್‌ನ ದೊಡ್ಡ ಕೊಡುಗೆ. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಆದರೆ ಅದು ಒಂದು ಕಡೆ ಎಡವಿತು. ಇಜಿಎಫ್‌ಆರ್ ಓದು ಎಂಬ ಸಾಲಿನಲ್ಲಿ, ಆ ಮೌಲ್ಯ ನಿಜಕ್ಕೂ ಯಾವ ಡೇಟಾಬೇಸಿನ ಯಾವ ಕೋಷ್ಟಕದಲ್ಲಿದೆ ಎಂಬುದನ್ನು ಪುಷ್ಪಾವರಣ ಚಿಹ್ನೆಗಳ ನಡುವೆ ಆಯಾ ಆಸ್ಪತ್ರೆಯೇ ತುಂಬಿಕೊಳ್ಳಬೇಕಿತ್ತು. ಮಾನಕ ಅಲ್ಲಿಗೆ ನಿಲ್ಲುತ್ತಿತ್ತು. ಒಂದು ಘಟಕ ಇನ್ನೊಂದು ಆಸ್ಪತ್ರೆಗೆ ಹೋದರೆ ತರ್ಕ ಹಾಗೇ ಬರುತ್ತದೆ, ಮಾಹಿತಿಯ ವಿಳಾಸಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಈ ಕ್ಷೇತ್ರದಲ್ಲಿ ‘ಪುಷ್ಪಾವರಣದ ತೊಡಕು’ ಎಂದೇ ಇದು ಪ್ರಸಿದ್ಧ. ಮುಂದಿನ ಮೂವತ್ತು ವರ್ಷಗಳ ರಚನಾ ಪ್ರಯತ್ನಗಳಲ್ಲಿ ಬಹುಪಾಲು ಈ ಖಾಲಿ ಜಾಗವನ್ನು ತುಂಬಲು ನಡೆದವು.

ಬಿಡಿ ನಿಯಮಗಳಿಗೆ ಆರ್ಡನ್ ಒಗ್ಗಿದರೂ, ತಿಂಗಳುಗಟ್ಟಲೆ ಸಾಗುವ ಚಿಕಿತ್ಸಾ ಮಾರ್ಗಸೂಚಿಗಳನ್ನು ಬರೆಯಲು ಅದು ಸಾಲದು. ಆ ಕೆಲಸಕ್ಕೆ ಹಾರ್ವರ್ಡ್, ಕೊಲಂಬಿಯಾ, ಸ್ಟ್ಯಾನ್‌ಫರ್ಡ್ ಕೂಡಿ ರೂಪಿಸಿದ ‘ಗ್ಲಿಫ್’, ಲಂಡನ್ನಿನಲ್ಲಿ ಜಾನ್ ಫಾಕ್ಸ್ ತಂಡದ ‘ಪ್ರೊಫಾರ್ಮಾ’, ಕಾಲಕ್ರಮಕ್ಕೆ ಒತ್ತು ಕೊಟ್ಟ ‘ಆಸ್‌ಬ್ರು’, ಸ್ಟ್ಯಾನ್‌ಫರ್ಡ್‌ನ ‘ಇಯಾನ್’ ಮುಂತಾದವು ಹುಟ್ಟಿದವು. ಇಯಾನ್ ಆಧರಿಸಿದ ‘ಅಥೀನಾ’ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ರಕ್ತದೊತ್ತಡದ ಚಿಕಿತ್ಸೆಗೆ ನೆರವಾಯಿತು. ಉಳಿದವು ಹೆಚ್ಚಾಗಿ ಸಂಶೋಧನಾಲಯಗಳಲ್ಲೇ ಉಳಿದವು.

ಸೇವೆಯಾಗಿ ನಿರ್ಧಾರ ನೆರವು

2005ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೆನ್ಸಾಕು ಕವಮೊಟೊ ಮತ್ತು ಡೇವಿಡ್ ಲೋಬಾಕ್ ‘ಸೆಬಾಸ್ಟಿಯನ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಅದರಲ್ಲಿ ಜ್ಞಾನ ಮತ್ತು ತರ್ಕ ಎರಡೂ ಬೇರೊಂದು ಸರ್ವರ್‌ನಲ್ಲಿರುತ್ತವೆ. ಆಸ್ಪತ್ರೆಯ ತಂತ್ರಾಂಶ ರೋಗಿಯ ಮಾಹಿತಿಯನ್ನು ಗೊತ್ತಾದ ರೂಪದಲ್ಲಿ ಕಳಿಸುತ್ತದೆ, ಉತ್ತರ ಹಿಂದಿರುಗುತ್ತದೆ. ನಿಯಮ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಇದೇ ಆಲೋಚನೆ ಮುಂದೆ ‘ಓಪನ್ ಸಿಡಿಎಸ್’ ಎಂಬ ಮುಕ್ತ ತಂತ್ರಾಂಶವಾಗಿ ಬೆಳೆಯಿತು.

ಕಳಿಸುವ ಮಾಹಿತಿಯ ರೂಪ ಎಲ್ಲೆಡೆ ಒಂದೇ ಆಗದಿದ್ದರೆ ಸೇವೆಯೂ ಪುಷ್ಪಾವರಣದ ತೊಡಕಿಗೇ ಸಿಲುಕುತ್ತದೆ. ಆ ಗಂಟನ್ನು ಬಹುಮಟ್ಟಿಗೆ ಸಡಿಲಿಸಿದ್ದು ‘ಫೈರ್’ ಮಾನಕ. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಮೊದಲು ಮುಂದಿಟ್ಟ ಈ ಮಾನಕದಲ್ಲಿ ರೋಗಿ, ಪರೀಕ್ಷೆಯ ಫಲಿತಾಂಶ, ಔಷಧ ಆದೇಶ ಹೀಗೆ ಒಂದೊಂದಕ್ಕೂ ಗೊತ್ತಾದ ಅಚ್ಚಿದೆ. ಸಾಮಾನ್ಯ ವೆಬ್ ವಿಳಾಸದಿಂದಲೇ ಅವನ್ನು ಕೇಳಿ ಪಡೆಯಬಹುದು. ಅದರ ನಾಲ್ಕನೆಯ ಆವೃತ್ತಿ 2018ರ ಕೊನೆಗೆ ಹೊರಬಂತು. ಇದರ ಮೇಲೆ ಬಾಸ್ಟನ್ನಿನ ತಂಡವೊಂದು ಕಟ್ಟಿದ ‘ಸ್ಮಾರ್ಟ್’ ಪದ್ಧತಿಯಿಂದ ಬೇರೆಯವರು ಬರೆದ ಆ್ಯಪ್ ಅನ್ನು ಆಸ್ಪತ್ರೆಯ ದಾಖಲೆಯೊಳಗೇ ತೆರೆಯಬಹುದಾಯಿತು.

ಅದೇ ಬಳಗದಿಂದ ಬಂದ ‘ಸಿಡಿಎಸ್ ಹುಕ್ಸ್’ ಇಂದಿನ ಸೇವಾರಚನೆಯ ಒಳ್ಳೆಯ ಮಾದರಿ. ವೈದ್ಯರು ರೋಗಿಯ ದಾಖಲೆ ತೆರೆಯುವುದು, ಔಷಧ ಆರಿಸುವುದು, ಆದೇಶಕ್ಕೆ ಸಹಿ ಹಾಕುವುದು ಮೊದಲಾದ ಗಳಿಗೆಗಳನ್ನು ಕೊಕ್ಕೆಗಳೆಂದು ಗುರುತಿಸಲಾಗಿದೆ. ಮೆಟ್‌ಫಾರ್ಮಿನ್ ಬರೆದು ಸಹಿ ಹಾಕಲು ಹೊರಟಾಗ ಆಸ್ಪತ್ರೆಯ ತಂತ್ರಾಂಶ ಸೇವೆಗೆ ಸುದ್ದಿ ಕಳಿಸುತ್ತದೆ. ಸೇವೆಗೆ ಏನೇನು ಬೇಕಾಗುತ್ತದೆಂದು ಮೊದಲೇ ತಿಳಿದಿರುವುದರಿಂದ ಇಜಿಎಫ್‌ಆರ್ ಮೌಲ್ಯವೂ ಅದೇ ಸುದ್ದಿಯ ಜತೆ ಹೋಗುತ್ತದೆ. ಎರಡನೆಯ ಸಲ ಕೇಳಿ ಹೊತ್ತು ಕಳೆಯಬೇಕಿಲ್ಲ. ಮರುಕ್ಷಣ ಪರದೆಯಲ್ಲಿ ಒಂದು ಕಾರ್ಡ್ ಮೂಡುತ್ತದೆ. ಅದರಲ್ಲಿ ಬರಿಯ ಮಾಹಿತಿ ಇರಬಹುದು, ಒಂದು ಕ್ಲಿಕ್ಕಿನಲ್ಲಿ ಒಪ್ಪಿಕೊಳ್ಳಬಹುದಾದ ಬದಲಿ ಸಲಹೆ ಇರಬಹುದು, ಹೆಚ್ಚಿನ ಲೆಕ್ಕಕ್ಕೆ ಸ್ಮಾರ್ಟ್ ಆ್ಯಪಿನ ಕೊಂಡಿ ಇರಬಹುದು. ಕಾರ್ಡನ್ನು ಬದಿಗಿಟ್ಟು ಮುಂದುವರಿಯಲು ವೈದ್ಯರಿಗೆ ಸ್ವಾತಂತ್ರ್ಯವಿದೆ. ನಿಯಮಗಳನ್ನು ಬರೆಯಲು ಎಚ್‌ಎಲ್7ನದೇ ‘ಸಿಕ್ಯೂಎಲ್’ ಭಾಷೆ ಬಳಕೆಯಲ್ಲಿದೆ; ಗುಣಮಟ್ಟದ ಅಳತೆಗೂ ನಿರ್ಧಾರ ನೆರವಿಗೂ ಒಂದೇ ಬರಹ ಸಾಲುವಂತೆ ಅದನ್ನು ರೂಪಿಸಲಾಗಿದೆ.

ಸೇವಾರಚನೆಗೂ ಬೆಲೆ ತೆರಬೇಕು. ಜಾಲ ಕೈಕೊಟ್ಟರೆ ನೆರವೂ ನಿಲ್ಲುತ್ತದೆ. ಆಗ ತಂತ್ರಾಂಶ ಸುಮ್ಮನಿದ್ದರೆ, ಎಚ್ಚರಿಕೆ ಬಾರದ್ದನ್ನು ಅಪಾಯವಿಲ್ಲವೆಂದು ವೈದ್ಯರು ತಿಳಿಯುವ ಸಂಭವವಿದೆ. ನೆರವು ದೊರೆಯುತ್ತಿಲ್ಲವೆಂದು ಪರದೆ ಹೇಳಲೇಬೇಕು. ರೋಗಿಯ ಖಾಸಗಿ ಮಾಹಿತಿ ಆಸ್ಪತ್ರೆಯ ಗೋಡೆ ದಾಟುವುದು ಇನ್ನೊಂದು ಚಿಂತೆ. ಆದ್ದರಿಂದ ನಿಯಮಗಳನ್ನು ಹೊರಗಿನಿಂದ ತರಿಸಿಕೊಂಡು ಒಳಗಿನ ಸರ್ವರ್‌ನಲ್ಲೇ ಓಡಿಸುವ ಮಿಶ್ರ ರಚನೆಯನ್ನು ಅನೇಕರು ಮೆಚ್ಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮುಂದಿಟ್ಟ ಸ್ಮಾರ್ಟ್ ಮಾರ್ಗಸೂಚಿಗಳು (ಮೇಲೆ ಹೇಳಿದ ಸ್ಮಾರ್ಟ್ ಆ್ಯಪ್ ಪದ್ಧತಿ ಬೇರೆ) ಈ ದಾರಿಗೆ ಹೊಂದುತ್ತವೆ. ಅಲ್ಲಿ ಒಂದು ಮಾರ್ಗಸೂಚಿ ಗದ್ಯರೂಪದಿಂದ ಹೊರಟು, ಕಾರ್ಯವಿಧಾನದ ವಿವರವಾಗಿ, ಯಂತ್ರ ಓದಬಲ್ಲ ನಿಯಮವಾಗಿ, ಓಡುವ ತಂತ್ರಾಂಶವಾಗಿ, ಕೊನೆಗೆ ಮಾಹಿತಿಯಿಂದ ಕಲಿಯುವ ರೂಪವಾಗಿ ಐದು ಪದರಗಳಲ್ಲಿ ಇಳಿಯುತ್ತದೆ.

ಎಚ್ಚರಿಕೆಗಳ ಹೊರೆ

ತರ್ಕ ಸರಿಯಿದ್ದು, ಮಾಹಿತಿ ಸರಿಯಿದ್ದು, ಆದರೂ ವ್ಯವಸ್ಥೆ ಸೋಲುವುದು ಇಲ್ಲಿ. ಔಷಧ ಎಚ್ಚರಿಕೆಗಳಲ್ಲಿ ಶೇ. 49ರಿಂದ ಶೇ. 96ರಷ್ಟನ್ನು ವೈದ್ಯರು ಓದಿಯೋ ಓದದೆಯೋ ತಳ್ಳಿಹಾಕುತ್ತಾರೆಂದು 2006ರ ಒಂದು ಸಮೀಕ್ಷೆ ಕಂಡುಕೊಂಡಿತು. ಇದನ್ನು ವೈದ್ಯರ ಉಡಾಫೆ ಎನ್ನುವುದು ಅನ್ಯಾಯ. ಸಣ್ಣಪುಟ್ಟ ಔಷಧ ಸಂಯೋಗಕ್ಕೂ ಪರದೆ ತಡೆದು ನಿಲ್ಲಿಸಿದರೆ, ಓಪಿಡಿಯ ಸಾಲು ಬಾಗಿಲಾಚೆ ಬೆಳೆದಿರುವಾಗ, ಯಾರ ಬೆರಳಾದರೂ ತಾನಾಗಿ ‘ಮುಂದುವರಿಸು’ ಗುಂಡಿಗೆ ಹೋಗುತ್ತದೆ. ಅಪಾಯದ ತೀವ್ರತೆಗೆ ತಕ್ಕಂತೆ ಎಚ್ಚರಿಕೆಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರಾಣಾಪಾಯದ್ದಕ್ಕೆ ಮಾತ್ರ ತಡೆಯುವ ಹಕ್ಕು ಕೊಡುವುದು, ತಳ್ಳಿಹಾಕಿದ ಪ್ರತಿಯೊಂದನ್ನೂ ಕಾರಣದೊಡನೆ ದಾಖಲಿಸಿ ತಿಂಗಳಿಗೊಮ್ಮೆ ಪರಿಶೀಲಿಸುವುದು ರಚನೆಯಲ್ಲೇ ಅಡಕವಾಗಿರಬೇಕು.

ಯಾವ ಬಗೆಯ ನೆರವು ಫಲಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಕವಮೊಟೊ ತಂಡ 2005ರಲ್ಲಿ 70 ಅಧ್ಯಯನಗಳನ್ನು ಪರಿಶೀಲಿಸಿ ನಾಲ್ಕು ಗುಣಗಳನ್ನು ಎತ್ತಿ ತೋರಿಸಿತು: ಕೆಲಸದ ಹರಿವಿನಲ್ಲೇ ತಾನಾಗಿ ಬರಬೇಕು, ತೀರ್ಮಾನದ ಜಾಗ ಮತ್ತು ಹೊತ್ತಿಗೇ ದೊರೆಯಬೇಕು, ರೋಗದ ಅಂದಾಜಿನ ಜತೆಗೆ ಏನು ಮಾಡಬೇಕೆಂದೂ ಹೇಳಬೇಕು, ಕಂಪ್ಯೂಟರಿನಿಂದ ಬರಬೇಕು. ನಾಲ್ಕೂ ಇದ್ದ 32 ವ್ಯವಸ್ಥೆಗಳಲ್ಲಿ 30 ಚಿಕಿತ್ಸೆಯನ್ನು ಗಮನಾರ್ಹವಾಗಿ ಸುಧಾರಿಸಿದ್ದವು. ತರ್ಕಯಂತ್ರ ಎಷ್ಟು ಜಾಣ ಎಂಬುದು ಈ ನಾಲ್ಕರಲ್ಲಿ ಇಲ್ಲ.

ಮಾಹಿತಿಯಿಂದ ಕಲಿತ ಮಾದರಿಗಳು

ನಿಯಮ ಬರೆಯುವ ಬದಲು ಹಳೆಯ ದಾಖಲೆಗಳಿಂದ ತಾನೇ ಕಲಿಯುವ ಮಾದರಿಗಳಿಗೆ ಬೇರೆ ಬಗೆಯ ಅಂಗಗಳು ಬೇಕು. ರೋಗಿಯ ಮಾಹಿತಿಯನ್ನು ಮಾದರಿಗೆ ಬೇಕಾದ ರೂಪಕ್ಕೆ ಸತತವಾಗಿ ಒಗ್ಗಿಸುವ ಕೊಳವೆ ಬೇಕು. ಮಾದರಿಯ ಆವೃತ್ತಿಗಳ ಕಪಾಟು ಬೇಕು. ಬಳಕೆಗೆ ಬಿಡುವ ಮುನ್ನ ಯಾರಿಗೂ ತೋರಿಸದೆ ಹಿನ್ನೆಲೆಯಲ್ಲಿ ಓಡಿಸಿ ನೋಡುವ ಮೌನ ಪರೀಕ್ಷೆ ಬೇಕು. ರೋಗಿಗಳ ಸ್ವರೂಪ ಬದಲಾದಂತೆ ಮಾದರಿ ಹಳಸುವುದನ್ನು ಪತ್ತೆಹಚ್ಚುವ ಕಾವಲು ಬೇಕು. ಇವಿಲ್ಲದೆ ಏನಾಗುತ್ತದೆಂಬುದನ್ನು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿದ್ದ ಎಪಿಕ್ ಕಂಪನಿಯ ಸೆಪ್ಸಿಸ್ (ಸೋಂಕಿಗೆ ದೇಹ ತೋರುವ ಮಾರಕ ಪ್ರತಿಕ್ರಿಯೆ) ಮಾದರಿ ತೋರಿಸಿತು. ಮಿಷಿಗನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಸ್ವತಂತ್ರ ಪರೀಕ್ಷೆಯಲ್ಲಿ ಅದು ಸೆಪ್ಸಿಸ್ ಆದ ಮೂವರಲ್ಲಿ ಇಬ್ಬರನ್ನು ಗುರುತಿಸದೆ ಬಿಟ್ಟಿತ್ತು. ಆದರೂ ಒಳರೋಗಿಗಳಲ್ಲಿ ಶೇ. 18 ಜನರ ಮೇಲೆ ಎಚ್ಚರಿಕೆ ಎಬ್ಬಿಸಿತ್ತು. ಚಿತ್ರಗಳನ್ನು ಓದುವ ಕೆಲಸದಲ್ಲಿ ಕಲಿತ ಮಾದರಿಗಳ ಸಾಧನೆ ಹೆಚ್ಚು ಗಟ್ಟಿ. ಎಕ್ಸ್‌ರೇಯಲ್ಲಿ ಕ್ಷಯ ಪತ್ತೆಗೆ ಅವನ್ನು 15 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಈಚಿನ ದೊಡ್ಡ ಭಾಷಾ ಮಾದರಿಗಳನ್ನು ವೈದ್ಯರ ಟಿಪ್ಪಣಿಯಿಂದ ವಿವರ ಹೆಕ್ಕಲು, ಮಾರ್ಗಸೂಚಿಯ ಸಂಬಂಧಿಸಿದ ಭಾಗ ಹುಡುಕಿ ಕೊಡಲು ಹಚ್ಚುವುದು ಯುಕ್ತ; ಔಷಧದ ಪ್ರಮಾಣದಂಥ ಕೊನೆಯ ತಪಾಸಣೆಯನ್ನು ಬರೆದಿಟ್ಟ ನಿಯಮಕ್ಕೇ ಬಿಡುವುದು ಕ್ಷೇಮ.

ಪಾಲನೆ ಮತ್ತು ಕಾನೂನು

ಮೆಟ್‌ಫಾರ್ಮಿನ್ ನಿಯಮ ಹಿಂದೆ ಹೀಗಿರಲಿಲ್ಲ. ಅಮೆರಿಕದಲ್ಲಿ ರಕ್ತದ ಕ್ರಿಯಾಟಿನಿನ್ ಗಂಡಸರಲ್ಲಿ 1.5, ಹೆಂಗಸರಲ್ಲಿ 1.4 ಮುಟ್ಟಿದರೆ ಔಷಧ ಕೂಡದೆಂದಿತ್ತು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಬದಲಿಸಿ ಇಜಿಎಫ್‌ಆರ್ ಅನ್ನು ಅಳತೆಗೋಲಾಗಿಸಿತು. ಅಂದು ತಿದ್ದದೆ ಉಳಿದ ನಿಯಮ ಸುಮ್ಮನೆ ಹಳೆಯ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿರುತ್ತದೆ. ಔಷಧ ತೆಗೆದುಕೊಳ್ಳಬಹುದಾದವರಿಗೂ ಅದು ಸಿಗದಂತಾಗುತ್ತದೆ. ಆದ್ದರಿಂದ ಪ್ರತಿ ನಿಯಮಕ್ಕೂ ಆಧಾರ, ಹೊಣೆಗಾರರು, ಮರುಪರಿಶೀಲನೆಯ ದಿನಾಂಕ ದಾಖಲಾಗಿರಬೇಕು. ಬದಲಿಸಿದಾಗ ಹಳೆಯ ರೋಗಿಗಳ ಮಾಹಿತಿಯ ಮೇಲೆ ಓಡಿಸಿ ನೋಡಬೇಕು.

ಅಮೆರಿಕದ 2016ರ ಕಾಯ್ದೆಯೊಂದು, ಸಲಹೆಯ ಆಧಾರವನ್ನು ವೈದ್ಯರು ತಾವೇ ಪರಿಶೀಲಿಸಬಲ್ಲಂತಿರುವ ತಂತ್ರಾಂಶಗಳನ್ನು ಕೆಲವು ಷರತ್ತುಗಳೊಡನೆ ವೈದ್ಯಕೀಯ ಸಾಧನಗಳ ನಿಯಂತ್ರಣದಿಂದ ಹೊರಗಿಟ್ಟಿತು. ಮೈಸಿನ್ ತೋರಿದ್ದ ವಿವರಣೆಯ ಗುಣಕ್ಕೆ ಹೀಗೆ ಕಾನೂನಿನ ಬೆಲೆಯೂ ಬಂತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉದ್ದೇಶದ ತಂತ್ರಾಂಶವೂ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ.

ಭಾರತ ಮತ್ತು ಕರ್ನಾಟಕ

ಕರ್ನಾಟಕದಲ್ಲಿ ನಡೆದ ಎರಡು ಪ್ರಯೋಗಗಳು ಉಲ್ಲೇಖಾರ್ಹ. ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯ ಕ್ಯಾನ್ಸರ್ ಕೇಂದ್ರ, ಐಬಿಎಂನ ವಾಟ್ಸನ್ ತಂತ್ರಾಂಶದ ಸಲಹೆಗಳನ್ನು ತನ್ನ ತಜ್ಞ ಮಂಡಳಿಯ ತೀರ್ಮಾನಗಳೊಡನೆ 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಹೋಲಿಸಿ, ಶೇ. 93ರಲ್ಲಿ ಹೊಂದಿಕೆಯಿತ್ತೆಂದು 2018ರಲ್ಲಿ ಪ್ರಕಟಿಸಿತು. ತಜ್ಞರೊಡನೆ ಹೊಂದುವುದು ಒಂದು, ರೋಗಿಗೆ ಒಳಿತಾಗುವುದು ಇನ್ನೊಂದು. ಎರಡನೆಯದನ್ನು ಈ ಅಧ್ಯಯನ ಅಳೆದಿರಲಿಲ್ಲ. ಐಬಿಎಂ 2022ರಲ್ಲಿ ವಾಟ್ಸನ್ ಹೆಲ್ತ್ ವಿಭಾಗದ ಆಸ್ತಿಯನ್ನು ಮಾರುವುದಾಗಿ ಘೋಷಿಸಿತು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ ‘ಎಂವೆಲ್‌ಕೇರ್’ ಪ್ರಯೋಗದಲ್ಲಿ ದಾದಿಯರು ಟ್ಯಾಬ್ಲೆಟ್‌ನಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ವಿವರ ತುಂಬಿ, ತಂತ್ರಾಂಶದ ಸಲಹೆಯನ್ನು ವೈದ್ಯರಿಗೆ ಒಯ್ಯುತ್ತಿದ್ದರು. ತರಬೇತಿ ಮತ್ತು ಚಾರ್ಟುಗಳ ನೆರವಷ್ಟೇ ಪಡೆದ ಕೇಂದ್ರಗಳಿಗೆ ಹೋಲಿಸಿದರೆ ರಕ್ತದೊತ್ತಡದಲ್ಲಾಗಲಿ ಸಕ್ಕರೆಯ ಮಟ್ಟದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸೋಲನ್ನೂ ಮುಚ್ಚಿಡದೆ ಪ್ರಕಟಿಸಿದ ಈ ಅಧ್ಯಯನ ನಮ್ಮ ಆರೋಗ್ಯ ಯೋಜಕರಿಗೆ ಅತ್ಯಂತ ಉಪಯುಕ್ತ.

ಅಡಿಪಾಯ ಹಾಕುವ ಕೆಲಸ ದೇಶದಲ್ಲಿ ಸಾಗಿದೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಫೈರ್ ಮಾನಕವನ್ನೇ ಆರಿಸಿಕೊಂಡಿದೆ. ರೋಗ ಮತ್ತು ಪರೀಕ್ಷೆಗಳ ಸಂಕೇತಗಳಿಗೆ ಸ್ನೋಮೆಡ್ ಸಿಟಿ ಕೋಶವನ್ನು ಪುಣೆಯ ಸಿ-ಡ್ಯಾಕ್ ಮೂಲಕ ಭಾರತದಲ್ಲಿ ಉಚಿತವಾಗಿ ಪಡೆಯಬಹುದು. ಆದರೆ ನಮ್ಮಲ್ಲಿ ಬಹಳಷ್ಟು ಔಷಧ ಚೀಟಿಗಳು ಇನ್ನೂ ಕೈಬರಹದಲ್ಲಿವೆ, ಲ್ಯಾಬ್ ವರದಿಗಳು ಪಿಡಿಎಫ್ ಆಗಿ ರೋಗಿಯ ಮೊಬೈಲಿನಲ್ಲಿವೆ. ಚಿತ್ರವಾಗಿ ಉಳಿದ ಇಜಿಎಫ್‌ಆರ್ ಮೌಲ್ಯ ಯಾವ ನಿಯಮವನ್ನೂ ಎಬ್ಬಿಸದು. ಸರ್ಕಾರಿ ಆಸ್ಪತ್ರೆಗಳ ಗಣಕೀಕರಣಕ್ಕೆ ಟೆಂಡರ್ ಬರೆಯುವವರು ಸಲಹಾ ತಂತ್ರಾಂಶದ ಮಾತಿಗೆ ಮುಂಚೆ ಮೂರು ಅಂಶಗಳನ್ನು ಕರಾರಿನಲ್ಲಿ ಸೇರಿಸಬೇಕು: ಔಷಧಗಳು ಮೂಲ ಹೆಸರಿನ ಸಂಕೇತದಲ್ಲಿ ದಾಖಲಾಗಬೇಕು, ಲ್ಯಾಬ್ ಫಲಿತಾಂಶಗಳು ಅಂಕಿಯಾಗಿ ಮಾನದೊಡನೆ ಸೇರಬೇಕು, ನಿಯಮಗಳನ್ನು ವರ್ಷವರ್ಷ ಪರಿಶೀಲಿಸುವ ವೈದ್ಯರ ಹುದ್ದೆಗೆ ಸಂಬಳ ಗೊತ್ತಾಗಬೇಕು.